ಕಣ್ಣುಕೊಟ್ಟ ಮಡು

ಸೋಮಲಗುಂಡಿ ಊರನ್ನು ದಾಟಿ, ಹತ್ತಿ ಹೊಲಗಳ ನಡುವಿನ ಬಂಡಿದಾರಿಯಲ್ಲಿ ಪಡುವಣಕ್ಕೆ ನಡೆದರೆ ಹಗರಿ ಹೊಳೆ ಒಂದು ಕಡೆ ಮೊಣಕೈಯಂತೆ ಬಾಗುತ್ತದೆ. ಬೇಸಗೆಯಲ್ಲಿ ಹೊಳೆಯೆಲ್ಲ ಮರಳಾದರೂ ಆ ಬಾಗಿನಲ್ಲಿ ಮಾತ್ರ ನೀರು ನಿಂತಿರುತ್ತದೆ. ನೀರಿನ ಅಂಚಿಗೆ ಒಂದು ಹಾಸುಬಂಡೆ, ಅದರ ಬೆನ್ನಿಗೆ ಗೋಡೆಯಂತೆ ಎದ್ದ ಇನ್ನೊಂದು ಬಂಡೆ. ಹಾಸುಬಂಡೆಯ ಮೇಲೆ ಪಕ್ಕಮುಖದ ಒಬ್ಬ ಹೆಂಗಸಿನ ಗೆರೆಚಿತ್ರ ಕೆತ್ತಿದೆ. ಮೂಗಿದೆ, ಮೂಗುತಿ ಇದೆ, ಗಲ್ಲದ ಮೇಲೆ ಹಚ್ಚೆಯ ಚುಕ್ಕಿ ಇದೆ. ಕಣ್ಣಿರಬೇಕಾದಲ್ಲಿ ಬರಿಯ ಕಲ್ಲು. ದಾರಿಯಲ್ಲಿ ನೆಟ್ಟ ಬೋರ್ಡಿನಲ್ಲಿ ಇದನ್ನು 'ಕನಕೋಟೆ ಮಡು' ಎಂದು ಬರೆದಿದ್ದಾರೆ. ಅದನ್ನು ಓದಿ ಕೋಟೆ ಹುಡುಕುತ್ತ ಬಂದವರು ಜಾಲಿಮುಳ್ಳು ತುಳಿದು ಹಿಂದಿರುಗಿದ್ದೂ ಉಂಟು. ಇಲ್ಲಿ ಕನಕವೂ ಇಲ್ಲ, ಕೋಟೆಯೂ ಇಲ್ಲ. ಊರವರ ಬಾಯಲ್ಲಿ ಇದು 'ಕಂಕೊಟ್ ಮಡು'. ಬಿಡಿಸಿ ಹೇಳಿದರೆ ಕಣ್ಣುಕೊಟ್ಟ ಮಡು. ಕೊಟ್ಟವಳು ಹುಲಿಗೆವ್ವ ಎಂಬ ತೊಗಲುಗೊಂಬೆಯಾಟದ ಹೆಂಗಸು ಎನ್ನುತ್ತಾರೆ.

ಹಿಂದೆ ಒಮ್ಮೆ, ಹಂಪಿಯ ಕಡೆಯ ದೊರೆಗಳ ಹೆಸರು ಇನ್ನೂ ಜನರ ಬಾಯಲ್ಲಿ ಬಿಸಿಯಾಗಿದ್ದ ಕಾಲದಲ್ಲಿ, ಯಂಕೋಬಪ್ಪನ ಮೇಳ ಹಗರಿಯ ಎರಡೂ ದಡದ ಊರುಗಳಲ್ಲಿ ರಾಮಾಯಣ ಆಡಿಸುತ್ತಿತ್ತು. ಬಿಳಿ ಪರದೆ, ಅದರ ಹಿಂದೆ ಹರಳೆಣ್ಣೆಯ ದೀಪ, ನಡುವೆ ಆಡಿನ ತೊಗಲಿನಲ್ಲಿ ಕೊರೆದು ಬಣ್ಣ ಹಾಕಿದ ಗೊಂಬೆಗಳು. ಕುಣಿಸುವವರು ಗಂಡಸರು, ಹೆಣ್ಣುಪಾತ್ರಗಳಿಗೆ ಹಾಡುವವರು ಮನೆಯ ಹೆಂಗಸರು. ಯಂಕೋಬಪ್ಪ ತನ್ನ ಸೀತೆಯನ್ನು ಹೆಂಡತಿ ಕೆಂಚವ್ವನ ಮುಖ ನೋಡಿ ಕೊರೆದಿದ್ದ. ಗಲ್ಲದ ಹಚ್ಚೆಯ ಚುಕ್ಕಿಯನ್ನೂ ಬಿಟ್ಟಿರಲಿಲ್ಲ. ಜಾನಕಿಯ ಗಲ್ಲಕ್ಕೆ ಹಚ್ಚೆ ಹಾಕಿದವರು ಯಾರಪ್ಪಾ ಎಂದು ಯಾರಾದರೂ ಕೊಂಕು ತೆಗೆದರೆ, ಮಿಥಿಲೆಯಲ್ಲೂ ಹಚ್ಚೆಯವರು ಇದ್ದರು, ಹೋಗಿ ಕೇಳಿಕೊಂಡು ಬಾ ಎನ್ನುತ್ತಿದ್ದನಂತೆ. ಆ ಸೀತೆಗೆ ದನಿ ಕೊಡುತ್ತಿದ್ದವಳೂ ಕೆಂಚವ್ವನೇ. ಅಶೋಕವನದ ಹಾಡಿನಲ್ಲಿ 'ರಾಮಾ' ಎಂದು ಕರೆಯುವ ಮುಂಚೆ ಅವಳು ಒಂದು ಉಸಿರಿನಷ್ಟು ತಡೆಯುತ್ತಿದ್ದಳು. ಆ ತಡೆತದಲ್ಲಿ ಜನ ಕೆಮ್ಮುವುದನ್ನೂ ಮರೆಯುತ್ತಿದ್ದರು.

ಆ ಮೇಳದಲ್ಲಿ ಎರಡು ಕಟ್ಟಳೆಗಳಿದ್ದವು. ದೇವತೆಗಳ ಗೊಂಬೆಗಳನ್ನೂ ರಕ್ಕಸರ ಗೊಂಬೆಗಳನ್ನೂ ಒಂದೇ ಕಟ್ಟಿನಲ್ಲಿ ಇಡುವಂತಿಲ್ಲ. ಇಟ್ಟರೆ ಪೆಟ್ಟಿಗೆಯೊಳಗೇ ಯುದ್ಧ ನಡೆಯುತ್ತದೆ. ಎರಡನೆಯದು ಕಣ್ಣಿನದು. ಪಕ್ಕಮುಖದ ಗೊಂಬೆಗೆ ಒಂದೇ ಕಣ್ಣು, ಅದನ್ನು ಎಲ್ಲಕ್ಕಿಂತ ಕೊನೆಗೆ ಕೊರೆಯುವುದು. ಕೊರೆದಾಗ ಉದುರುವ ಪುಟ್ಟ ತೊಗಲಿನ ಬಿಲ್ಲೆಯನ್ನು ಎಸೆಯದೆ ಜೋಪಾನ ಮಾಡುವುದು. ಗೊಂಬೆ ಹಳತಾಗಿ ಕೆಲಸಕ್ಕೆ ಬಾರದಾದಾಗ ಅದೇ ಬಿಲ್ಲೆಯನ್ನು ಮೇಣ ಹಚ್ಚಿ ಕಣ್ಣಿಗೆ ಕೂಡಿಸಿ, ಕಣ್ಣು ಮುಚ್ಚಿಸಿ, ಕಾಯಿ ಒಡೆದು ಹೊಳೆಗೆ ಬಿಡುವುದು. ಆಮೇಲಷ್ಟೇ ಹೊಸ ಗೊಂಬೆಗೆ ಕಣ್ಣು ತೆರೆಸಬೇಕು. ಒಂದು ಪಾತ್ರಕ್ಕೆ ಒಂದೇ ಜೀವ, ಅದು ಎರಡು ತೊಗಲಿನಲ್ಲಿ ಇರಲಾರದು ಎಂಬುದು ಅವರ ನಂಬಿಕೆ.

ಕೆಂಚವ್ವ ಚಳಿಜ್ವರದಲ್ಲಿ ತೀರಿಕೊಂಡಾಗ ಯಂಕೋಬಪ್ಪ ಸೀತೆಯ ಕಣ್ಣಿನ ಬಿಲ್ಲೆಯನ್ನು ತಾಯಿತದಲ್ಲಿಟ್ಟು ಮಗಳು ಹುಲಿಗೆವ್ವನ ಕೊರಳಿಗೆ ಕಟ್ಟಿದ. ಸೀತೆಯ ಹಾಡೂ ಆಕೆಯ ಪಾಲಿಗೆ ಬಂತು. ವರ್ಷಗಳು ಉರುಳಿದವು. ಹುಲಿಗೆವ್ವ ಮೇಳದವನೇ ಆದ ದುರುಗಪ್ಪನನ್ನು ಮದುವೆಯಾದಳು. ಸೀತೆ ಕಂದಿದಳು, ತೊಗಲು ಸುರುಟಿತು, ಸೀರೆಯಲ್ಲೆಲ್ಲ ಹುಳು ತಿಂದ ತೂತುಗಳಾಗಿ ದೀಪದ ಬೆಳಕು ಸೋರತೊಡಗಿತು. ಸೀತಮ್ಮನಿಗೆ ಸಿಡುಬು ಬಂದಿದೆ ಎಂದು ಪಡ್ಡೆಗಳು ನಗುವಂತಾಯಿತು. ಯಂಕೋಬಪ್ಪ ಹಾಸಿಗೆ ಹಿಡಿದವನು ಮಗಳನ್ನು ಹತ್ತಿರ ಕರೆದ.

"ಕೊರಳಾಗಿಂದು ಬಿಚ್ಚವ್ವಾ. ನಿಮ್ಮವ್ವನ ಕಣ್ಣು ಮುಚ್ಚಿಸಿ ಹೊಳಿಗೆ ಬಿಡು. ನನ್ನ ಕೈಲಿ ಆಗಲಿಲ್ಲ. ನೀನರ ಮಾಡು."

ಹೂಂ ಎಂದಳು ಹುಲಿಗೆವ್ವ. ತಂದೆ ಹೋದ ಮೇಲೆ ಮಾಡಲಿಲ್ಲ. ಆಕೆಯನ್ನು ತಪ್ಪೆನ್ನುವುದು ಸುಲಭ. ಆದರೆ ಪಟ ತೆಗೆಯುವ ಯಂತ್ರ ಇಲ್ಲದ ಕಾಲ ಅದು. ಸತ್ತವರ ಮುಖ ಉಳಿದವರ ನೆನಪಿನಲ್ಲಿ ಎಷ್ಟು ದಿನ ನಿಂತರೆ ಅಷ್ಟೇ. ಹುಲಿಗೆವ್ವನಿಗೆ ತಾಯಿಯ ಮುಖ ಉಳಿದದ್ದು ಆ ತೊಗಲಿನಲ್ಲಿ ಮಾತ್ರ. ಅಷ್ಟರಲ್ಲಿ ಸೋಮಲಗುಂಡಿಯ ಗೌಡರಿಂದ ವೀಳ್ಯ ಬಂತು. ಯುಗಾದಿಗೆ ಇಡೀ ರಾಮಾಯಣ ಆಗಬೇಕು. ಹುಲಿಗೆವ್ವ ಹೊಸ ತೊಗಲನ್ನು ಹಳೆಯ ಸೀತೆಯ ಮೇಲೆ ಹಾಸಿ, ಗೆರೆಗೆ ಗೆರೆ ತಿದ್ದಿ, ಹಚ್ಚೆಯ ಚುಕ್ಕಿಗೆ ಚುಕ್ಕಿ ಇಟ್ಟು, ಕೊನೆಗೆ ಕಣ್ಣನ್ನೂ ಕೊರೆದಳು. ಹಳೆಯ ಕಣ್ಣು ತೆರೆದೇ ಇತ್ತು. ಹಳೆಯ ಸೀತೆಯನ್ನು ಹೊಳೆಗೆ ಬಿಟ್ಟು ಬಂದೆ ಎಂದು ಗಂಡನಿಗೆ ಸುಳ್ಳು ಹೇಳಿ, ಯಾರೂ ಕೈಹಾಕದ ಜಾಗ ಹುಡುಕಿದಳು. ದೇವತೆಗಳ ಕಟ್ಟನ್ನು ದಿನವೂ ಬಿಚ್ಚಿ ಪೂಜೆ ಮಾಡುತ್ತಾರೆ. ಆದ್ದರಿಂದ ತಾಯಿಯನ್ನು ಹರಕು ಸೀರೆಯಲ್ಲಿ ಸುತ್ತಿ, ರಕ್ಕಸರ ಕಟ್ಟಿನ ಅಡಿಯಲ್ಲಿ, ರಾವಣನ ಕೆಳಗೆ ಮಲಗಿಸಿದಳು.

ಸೋಮಲಗುಂಡಿಯಲ್ಲಿ ಆಟ ಶುರುವಾಯಿತು. ಹೊಸ ಸೀತೆ ಪರದೆಗೆ ಬಂದ ಕೂಡಲೇ ಜನ ಓಹೋ ಎಂದರು. ಸೀತೆಯ ನೆರಳಿನ ಹಿಂದೆ ಇನ್ನೊಂದು ನೆರಳು ನಿಂತಿತ್ತು. ಸ್ವಲ್ಪ ಎತ್ತರ, ಸ್ವಲ್ಪ ಮಸುಕು, ಮೈತುಂಬ ಬೆಳಕಿನ ತೂತು. ದುರುಗಪ್ಪ ದೀಪ ಸರಿಸಿದ, ಬತ್ತಿ ಚಿವುಟಿದ. ಮೊದಲ ನೆರಳು ಅಲುಗಿತು, ಎರಡನೆಯದು ಅಲುಗಲಿಲ್ಲ. ಮರುದಿನ ಗೌಡರು ಅವನ ಬೆನ್ನು ತಟ್ಟಿ, "ಭಾಳ ಮಂದೀದು ಆಟ ನೋಡೇನಿ, ಇಂಥಾದ್ದು ಯಾರೂ ಮಾಡಿದ್ದಿಲ್ಲ. ಹೊಸಾದು ಹುಡುಕೀಯಲ್ಲೋ!" ಎಂದರು. ಜೋಡಿ ನೆರಳಿನ ಸೀತೆಯನ್ನು ನೋಡಲು ಸುತ್ತಲಿನ ಹಳ್ಳಿಗಳಿಂದ ಬಂಡಿ ಕಟ್ಟಿಕೊಂಡು ಜನ ಬರತೊಡಗಿದರು. ಹುಡುಕಿದ್ದೇನು ಎಂದು ದುರುಗಪ್ಪನಿಗೇ ತಿಳಿಯದು. ಆದರೂ ಹೊಗಳಿಕೆಯನ್ನು ಬೇಡವೆನ್ನುವಷ್ಟು ದೊಡ್ಡ ಮನುಷ್ಯನೂ ಅಲ್ಲ ಅವನು.

ಹುಲಿಗೆವ್ವನಿಗೆ ಗೊತ್ತಿತ್ತು. ಹೆದರಿಕೆಗಿಂತ ಮೊದಲು ಆಕೆಗೆ ಆದದ್ದು ಸಂತೋಷ. ಅವ್ವ ಬಂದಿದ್ದಾಳೆ! ಅಶೋಕವನದ ಹಾಡಿನಲ್ಲಿ 'ರಾಮಾ' ಎನ್ನಲು ಬಾಯಿ ತೆರೆದಾಗ, ತಾನು ಎಷ್ಟು ವರ್ಷ ಕಲಿತರೂ ಬಾರದಿದ್ದ ಆ ತಡೆತ ತಾನಾಗಿ ಬಂತು. ಹಿಂದೆಯೇ ಕೆಂಚವ್ವನ ದನಿ, ಆಕೆಯದೇ ಗಂಟಲಿನಿಂದ. ಮುದುಕಿಯರು ಕಣ್ಣೊರೆಸಿಕೊಂಡರು. ಹುಲಿಗೆವ್ವ ಹಾಡುತ್ತಲೇ ಅತ್ತಳು. ಆಟ ಮುಗಿಯುವುದೇ ಬೇಡ ಎನ್ನಿಸಿತು ಆಕೆಗೆ.

ಆದರೆ ಬಂದ ದನಿ ಆಟ ಮುಗಿದ ಮೇಲೂ ಹೋಗಲಿಲ್ಲ. ಒಲೆಯ ಮುಂದೆ ಕೂತು ಉಪ್ಪು ಕೇಳಿದರೂ ಕೆಂಚವ್ವನದೇ ದನಿ. ಮೊದಲ ದಿನ ದುರುಗಪ್ಪ ಉಪ್ಪಿನ ಮಡಕೆಯನ್ನೇ ಕೈಬಿಟ್ಟ. ಮೇಳದ ಹುಡುಗನಾಗಿದ್ದಾಗಲೇ ಅವನಿಗೆ ಕೆಂಚವ್ವನೆಂದರೆ ಅಳುಕು. ಆಮೇಲೆ ಅವನು ಗಮನಿಸಿದ್ದೇನೆಂದರೆ ಹೆಂಡತಿ ಹೊಸ ಮಾತನ್ನೇ ಆಡುತ್ತಿಲ್ಲ. ಕೆಂಚವ್ವ ಎಂದೋ ಆಡಿದ ಮಾತು, ಎಂದೋ ಬೈದ ಬೈಗುಳ, ಎಂದೋ ಹಾಡಿದ ಸಾಲು, ಅಷ್ಟೇ ಹೊರಗೆ ಬರುತ್ತಿತ್ತು. ಹುಲಿಗೆವ್ವ ತಾನೇ ಕಟ್ಟಿದ್ದ ಒಂದು ಹಾಡಿತ್ತು, ಲಂಕೆಯಿಂದ ಹೊರಟ ಸೀತೆ ಹಿಂದಿರುಗಿ ನೋಡದೆ ನಡೆಯುವ ಹಾಡು. ಅದನ್ನು ಹಾಡಲು ಹೋದರೆ ಗಂಟಲು ಕಟ್ಟುತ್ತಿತ್ತು. ಕೆಂಚವ್ವನಿಗೆ ಆ ಹಾಡು ಗೊತ್ತಿರಲಿಲ್ಲವಲ್ಲ! ಹುಲಿಗೆವ್ವನಿಗೆ ಆಗ ದಿಗಿಲು ಹುಟ್ಟಿತು. ಹೊಸ ಸೀತೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಹಸಿ ಬಣ್ಣದ, ಹುಳು ಮುಟ್ಟದ ತೊಗಲಿನಲ್ಲಿ ತೂತುಗಳು ಬಿದ್ದಿದ್ದವು. ಹಳೆಯದರಲ್ಲಿ ಎಲ್ಲೆಲ್ಲಿದ್ದವೋ ಅಲ್ಲಲ್ಲೇ.

ರಾವಣವಧೆಗೆಂದು ರಕ್ಕಸರ ಕಟ್ಟನ್ನು ತಳದವರೆಗೆ ಬಿಚ್ಚಿದಾಗ ದುರುಗಪ್ಪನ ಕೈಗೆ ಹರಕು ಸೀರೆಯ ಸುರುಳಿ ಸಿಕ್ಕಿತು. ಬಿಚ್ಚಿದವನು ಅಲ್ಲಿಯೇ ಕುಕ್ಕರಿಸಿದ.

"ಎಂಥಾ ಕೆಲಸ ಮಾಡೀಯೇ ಹುಲಿಗಿ! ಸೀತಮ್ಮನ್ನ ಒಯ್ದು ರಾವಣನ ಬಗಲಾಗ ಇಟ್ಟೀಯಲ್ಲ! ಇಷ್ಟು ದಿನ ನಾವು ಪರದೆ ಮ್ಯಾಲ ಆಡಿಸಿದ್ದು ಸುಳ್ಳು, ಖರೇ ಲಂಕಾ ಇಲ್ಲೇ ಪೆಟಿಗ್ಯಾಗ ಐತಿ."

ಹುಲಿಗೆವ್ವ ಹಳೆಯ ಸೀತೆಯನ್ನು ಅವನ ಕೈಯಿಂದ ತೆಗೆದುಕೊಂಡಳು. ಉತ್ತರ ಕೊಟ್ಟರೂ ಅದು ಆಕೆಯ ದನಿಯಲ್ಲಿ ಬರುತ್ತಿರಲಿಲ್ಲ. ತಾಯಿಯನ್ನು ಉಳಿಸಿಕೊಂಡೆ ಎಂದುಕೊಂಡಿದ್ದಳು; ಸೆರೆಯಲ್ಲಿಟ್ಟಿದ್ದಳು. ಇನ್ನು ಉಳಿದದ್ದು ಪಟ್ಟಾಭಿಷೇಕದ ಆಟವೊಂದೇ. ಆ ಆಟದ ದಿನ ಸಂಜೆ, ಬಿಸಿಲು ಇನ್ನೂ ಇರುವಾಗಲೇ, ಆಕೆ ಹಳೆಯ ಸೀತೆಯನ್ನು ಮಡಿಲಲ್ಲಿಟ್ಟುಕೊಂಡು ಒಬ್ಬಳೇ ಮಡುವಿಗೆ ಬಂದಳು. ಹಾಸುಬಂಡೆಯ ಮೇಲೆ ಗೊಂಬೆಯನ್ನು ಮಲಗಿಸಿ, ಸುರುಟಿದ ಅಂಚನ್ನು ಅಂಗೈಯಿಂದ ನೀವಿ, ದೀಪದ ಕಾಡಿಗೆಯಲ್ಲಿ ಸುತ್ತಲೂ ಗೆರೆ ಎಳೆದು, ಕಣ್ಣೊಂದನ್ನು ಬಿಟ್ಟು ಮೂಗುತಿಯನ್ನೂ ಹಚ್ಚೆಯ ಚುಕ್ಕಿಯನ್ನೂ ಬರೆದಳು. ಮುಖ ಮರೆತರೆ ಎಂಬ ಅಂಜಿಕೆ. ತಾಯಿತ ಬಿಚ್ಚಿ ಬಿಲ್ಲೆಯನ್ನು ಹೊರತೆಗೆದಳು. ಮೇಣ ಹಚ್ಚಿದಳು. ಆದರೆ ಆ ಕಣ್ಣಿನ ಹತ್ತಿರ ಒಯ್ದ ಬೆರಳನ್ನು ಹಿಂದಕ್ಕೆ ತೆಗೆದುಕೊಂಡಳು. ತಾಯಿಯ ಕಣ್ಣನ್ನು ತಾನೇ ಮುಚ್ಚುವುದೆಂದರೆ! ಅವ್ವಾ, ಒಲ್ಲೆ ಎಂದು ಹೇಳಲು ಬಾಯಿ ತೆರೆದಳು. ಬಂದ ಮಾತು ಬೇರೆ.

"ಬಿಡು ನನ್ನವ್ವಾ. ನಿನ್ನ ಹೆಸರು ಹಿಡಿದು ಕರಿಯಾಕೂ ನನಗ ನಿನ್ನ ಗಂಟಲಾ ಬೇಕಾಗೈತಿ. ನಾ ಕರದರ, ಓ ಅನ್ನಾಕ ನಿನಗ ದನಿ ಎಲ್ಲಿ ಉಳೀತೈತಿ?"

ಆಡಿದವಳೂ ಹುಲಿಗೆವ್ವ, ಕೇಳಿದವಳೂ ಹುಲಿಗೆವ್ವ. ಕೆಂಚವ್ವ ಬದುಕಿದ್ದಾಗ ಎಂದೂ ಆಡಿರದ ಮಾತು ಅದು. ಹುಲಿಗೆವ್ವ ಬಂಡೆಯ ಮೇಲೆ ಕೂತು ಮನಸಾರೆ ಅತ್ತಳು. ಆಮೇಲೆ ಬಿಲ್ಲೆಯನ್ನು ಕಣ್ಣಿಗೆ ಕೂಡಿಸಿ, ಹೆಬ್ಬೆರಳಿಂದ ಮೆಲ್ಲಗೆ ಒತ್ತಿದಳು. ಎರಡೂ ಕೈಯಲ್ಲಿ ಎತ್ತಿ ನೀರಿಗೆ ಬಿಟ್ಟಳು. ಒಣಗಿದ ತೊಗಲು ಕೂಡಲೇ ಮುಳುಗಲಿಲ್ಲ. ನೀರು ಕುಡಿದು, ಸುರುಟಿದ್ದೆಲ್ಲ ಬಿಚ್ಚಿಕೊಂಡು, ಸೀರೆಯ ಕೆಂಪು ಸುತ್ತಲೂ ಹರಡುತ್ತ, ನಿದ್ದೆ ಬಂದವರು ಮಗ್ಗುಲಾದಂತೆ ಪಕ್ಕಕ್ಕೆ ತಿರುಗಿ ಒಳಗೆ ಹೋಯಿತು. "ಅವ್ವಾ" ಎಂದು ಕೂಗಿದಳು ಹುಲಿಗೆವ್ವ. ಅದು ಆಕೆಯದೇ ದನಿಯಾಗಿತ್ತು.

ಬಿಡಾರಕ್ಕೆ ಬಂದು ಹೊಸ ಸೀತೆಯನ್ನು ಮುಂದಿಟ್ಟುಕೊಂಡು ಉಳಿ ತೆಗೆದಳು. ಬಿದ್ದ ತೂತುಗಳನ್ನು ಮುಚ್ಚಲಿಲ್ಲ; ಒಂದೊಂದರ ಸುತ್ತಲೂ ಎಸಳು ಕೊರೆದು ಮಲ್ಲಿಗೆ ಹೂವು ಮಾಡಿದಳು. ಗಲ್ಲದ ಹಚ್ಚೆಯನ್ನು ಕೆರೆದು ತೆಗೆದಳು. ಅಂದು ಪಟ್ಟಾಭಿಷೇಕದಲ್ಲಿ ಸೀತೆ ಒಂಟಿ ನೆರಳಿನಲ್ಲಿ ಬಂದಳು, ಮೈತುಂಬ ಬೆಳಕಿನ ಹೂ ಮುಡಿದು. ಜೋಡಿ ನೆರಳಿಗೆಂದು ದೂರದಿಂದ ಬಂದವರು ಗೊಣಗಿದರು, ಕೆಲವರು ಎದ್ದೂ ಹೋದರು. ಉಳಿದವರು ಹಿಂದಿರುಗಿ ನೋಡದೆ ನಡೆಯುವ ಸೀತೆಯ ಹಾಡನ್ನು ಮೊದಲ ಸಲ ಕೇಳಿದರು. ಈ ಕಡೆಯ ಮೇಳಗಳಲ್ಲಿ ಸೀತೆಯ ಸೀರೆಗೆ ಮಲ್ಲಿಗೆ ಕೊರೆಯುವ ವಾಡಿಕೆ ಅಂದಿನಿಂದ ಬಂತು ಎನ್ನುತ್ತಾರೆ. ಹುಲಿಗೆವ್ವ ಮುಪ್ಪಿನ ತನಕ ಹಾಡಿದಳು. ಆದರೆ ತಾಯಿಯ ದನಿ ಹೇಗಿತ್ತು ಎಂಬುದು ಮಾತ್ರ ಆಕೆಗೆ ಮತ್ತೆಂದೂ ನೆನಪಾಗಲಿಲ್ಲ. ಎಷ್ಟು ಹುಡುಕಿದರೂ ನೆನಪು ಆ ತಡೆತದವರೆಗೆ ಬಂದು ನಿಲ್ಲುತ್ತಿತ್ತು, ಮುಂದೆ ಏನೂ ಇಲ್ಲ. ಪ್ರತಿ ಯುಗಾದಿಗೆ ಆಕೆ ಮಡುವಿಗೆ ಬಂದು ಸಂಜೆಯ ತನಕ ನಿಂತು ಹೋಗುತ್ತಿದ್ದಳಂತೆ.

ಆಕೆ ಎಳೆದ ಕಾಡಿಗೆಯ ಗೆರೆಯನ್ನು ಮುಂದೆ ಯಾರೋ ಕಲ್ಲುಕುಟಿಗರು ಉಳಿಯಿಂದ ಉಳಿಸಿದರು. ಅದೇ ಇಂದು ಕಾಣುವ ಚಿತ್ರ. ಹೊಸ ಗೊಂಬೆ ಕೊರೆದವರು ಈಗಲೂ ಇಲ್ಲಿಗೆ ತಂದು ನೀರಿಗೆ ತೋರಿಸುತ್ತಾರೆ. ಮಗ್ಗದವರು ಹಳೆಯ ಬುಟ್ಟಾವನ್ನು ಹೊಸ ಸೀರೆಗೆ ತಂದಾಗ, ನಾಟಕದವರು ಹಳೆಯ ಧಾಟಿಗೆ ಹೊಸ ಪದ ಕಟ್ಟಿದಾಗ ಬಂದು ಹೋಗುವುದುಂಟು. ಈಚೆಗೆ ಪ್ಲಾಸ್ಟಿಕ್ ಹಾಳೆಯಲ್ಲಿ ಗೊಂಬೆ ಕತ್ತರಿಸಿ, ಬ್ಯಾಟರಿ ದೀಪದಲ್ಲಿ ಕುಣಿಸುವ ಹುಡುಗಿಯರೂ ಬಂದಿದ್ದರು. ಅವರಲ್ಲೊಬ್ಬಳು ಕಲ್ಲಿನ ಚಿತ್ರಕ್ಕೆ ಕಣ್ಣು ಬರೆಯಲು ಹೋದಾಗ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಓಡಿ ಬಂದು ಕೈಹಿಡಿದರು. "ಬ್ಯಾಡ ಮಗಳಾ. ಮಲಗಿದಾಕಿನ್ನ ಎಬ್ಬಸಬಾರದು" ಎಂದರು.

ಹೊತ್ತು ಇಳಿಯುವಾಗ ಆ ಹಾಸುಬಂಡೆಯ ಮೇಲೆ ನೀರಿಗೆ ಮುಖಮಾಡಿ ನಿಂತರೆ ಹಿಂದಿನ ಬಂಡೆಯ ಮೇಲೆ ಎರಡು ನೆರಳು ಬೀಳುತ್ತವೆ, ಒಂದು ನಮ್ಮದು, ಇನ್ನೊಂದು ಸ್ವಲ್ಪ ಎತ್ತರ, ಸ್ವಲ್ಪ ಮಸುಕು. ಸೂರ್ಯನ ಬೆಳಕು ಒಮ್ಮೆ ನೇರವಾಗಿ, ಒಮ್ಮೆ ನೀರಿಗೆ ಬಡಿದು ಬರುವುದರಿಂದ ಹೀಗಾಗುತ್ತದೆ ಎಂದು ಶಾಲೆಯ ಮೇಷ್ಟ್ರು ಮಕ್ಕಳಿಗೆ ಹೇಳಿಕೊಡುತ್ತಾರೆ. ಅದು ನಿಜವೇ ಇರಬೇಕು. ಆದರೂ ಸೋಮಲಗುಂಡಿಯವರು ಯಾರೂ ಅಲ್ಲಿ ನಿಂತು 'ಅವ್ವಾ' ಎಂದು ಕೂಗುವುದಿಲ್ಲ. ತಿಳಿಯದ ಪರ ಊರಿನವರು ಕೂಗುತ್ತಾರೆ. ಬಂಡೆ ಮರುದನಿ ಕೊಡುತ್ತದೆ. ಕೂಗಿದವರ ದನಿಯೇ ಅದು, ಅನುಮಾನವಿಲ್ಲ. ಕೂಗಿಗೂ ಮರುದನಿಗೂ ನಡುವೆ ಒಂದು ಉಸಿರಿನಷ್ಟು ತಡೆತ, ಅಷ್ಟೇ.