ಕಾಲಿಗೆ ಬಿಡುವು

ಕಪಿಲೆಯ ದಡದ ಆಶ್ರಮದಲ್ಲಿ ಒಂದು ಹಳೆಯ ಅಂಬಾಸಿಡರ್ ಇತ್ತು. ಗುರುಗಳನ್ನು ಅದರಲ್ಲಿ ಊರೂರಿಗೆ ಕರೆದೊಯ್ಯುವುದು ಶಿಷ್ಯ ಗುರುಮಲ್ಲನ ಸೇವೆ. "ಈ ಸಲ ನಾನು ಓಡಿಸಲಾ?" ಎಂದು ಯಾರಾದರೂ ಕೇಳಿದರೆ, ಅವನು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟುಬಿಡುತ್ತಿದ್ದ.

ಒಂದು ಬೆಳಿಗ್ಗೆ ಪ್ರವಚನಕ್ಕೆಂದು ಹಾಸನಕ್ಕೆ ಹೊರಡಲು ಇಬ್ಬರೂ ಕಾರಿನಲ್ಲಿ ಕೂತಿದ್ದರು. ಸ್ಟಿಯರಿಂಗ್ ಪಕ್ಕದಲ್ಲಿ ಹೊಸದೊಂದು ಗುಂಡಿ ಗುರುಗಳ ಕಣ್ಣಿಗೆ ಬಿತ್ತು.

"ಏನಯ್ಯಾ ಇದು?"

"ಕ್ರೂಸ್ ಕಂಟ್ರೋಲ್, ಬುದ್ಧಿ. ಹೊಸ ಕಾರುಗಳಲ್ಲಿ ಇರುತ್ತೆ. ಮೈಸೂರಿನ ಮೆಕ್ಯಾನಿಕ್ ಒಬ್ಬರು ನಮ್ಮದಕ್ಕೂ ಕೂಡಿಸಿಕೊಟ್ಟರು. ಬೇಕಾದ ವೇಗಕ್ಕೆ ಬಂದಮೇಲೆ ಗುಂಡಿ ಒತ್ತಿದರೆ ಸಾಕು. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೂ ಕಾರು ಅದೇ ವೇಗದಲ್ಲಿ ಹೋಗುತ್ತೆ."

"ಬ್ರೇಕ್ ಹಾಕಿದರೆ?"

"ಮುಟ್ಟಿದ ತಕ್ಷಣ ಬಿಟ್ಟುಕೊಡುತ್ತೆ."

"ಹಾಗಾದರೆ ನಿನಗಿಂತ ವಿಧೇಯ," ಎಂದರು ಗುರುಗಳು. "ಯಾರಿಗೋಸ್ಕರ ಹಾಕಿಸಿದೆ?"

ಗುರುಮಲ್ಲ ಒರೆಸಿದ ಕನ್ನಡಿಯನ್ನೇ ಮತ್ತೆ ಒರೆಸಿದ.

"ನಿಮಗೋಸ್ಕರ, ಬುದ್ಧಿ. ಕುಲುಕಾಟ ಕಡಿಮೆಯಾಗುತ್ತೆ."

ಗುರುಗಳು ಕಾರಿನಿಂದ ಇಳಿದುಬಿಟ್ಟರು.

"ಬಾ. ಮೊದಲು ನದಿಗೆ ಹೋಗಿ ಬರೋಣ."

ದಡದಲ್ಲಿ ಮೂವತ್ತು ಮೆಟ್ಟಿಲು. ಎಪ್ಪತ್ತೆಂಟರ ಗುರುಗಳು ಸರಸರ ಇಳಿದರು. ಗುರುಮಲ್ಲ ಐದನೆಯ ಮೆಟ್ಟಿಲಿನಲ್ಲಿ ಗೋಡೆ ಹಿಡಿದು ನಿಂತ. ಬಲಮಂಡಿ ಬಗ್ಗಲಿಲ್ಲ.

ಗುರುಗಳು ಹಿಂದಿರುಗಿ ಹತ್ತಿ ಬಂದರು.

"ಕೂತುಕೋ."

ಅವನು ಕೂತ. ಗುರುಗಳು ಅವನಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತು, ಊದಿಕೊಂಡಿದ್ದ ಮಂಡಿಯ ಮೇಲೆ ಕೈಯಿಟ್ಟರು.

"ಬುದ್ಧಿ, ಬೇಡಿ! ನೀವು ನನ್ನ ಕಾಲು ಮುಟ್ಟೋದೇ?"

"ಸುಮ್ಮನಿರು. ಎಷ್ಟು ದಿನದಿಂದ?"

"ಯುಗಾದಿಯಿಂದ."

"ಕಾರಿಗೆ ಹೇಳಿದೆ, ನನಗೆ ಹೇಳಲಿಲ್ಲ. ಕೇಳಿದಾಗ ಸುಳ್ಳನ್ನೂ ಹೇಳಿದೆ."

ಗುರುಮಲ್ಲನ ಕಣ್ಣು ತುಂಬಿತು. "ಹೇಳಿದ್ದರೆ ಕೀಲಿಯನ್ನು ಬೇರೆಯವರ ಕೈಗೆ ಕೊಡುತ್ತಿದ್ದಿರಿ."

"ಕೊಡುತ್ತಿದ್ದೆ. ಈಗಲೂ ಕೊಡುತ್ತೇನೆ. ಅಡುಗೆಮನೆಯ ಪಂಚಾಕ್ಷರಿ ಓಡಿಸಲಿ."

"ಅವನು ಗೇರ್ ಹಾಕಿದರೆ ಊರೆಲ್ಲ ಎದ್ದು ಕೂರುತ್ತೆ, ಬುದ್ಧಿ!"

"ಕೂರಲಿ."

ಗುರುಮಲ್ಲ ಸೊಂಟದ ಕೀಲಿಯನ್ನು ಮುಟ್ಟಿ ನೋಡಿಕೊಂಡ.

"ಹಾಗಾದರೆ ಆ ಗುಂಡಿ ತೆಗೆಸಿಬಿಡಲಾ?"

"ಯಾಕೆ? ಪಂಚಾಕ್ಷರಿಯ ಕಾಲಿಗೆ ಬಿಡುವು ಬೇಡವೇ?"

ಗುರುಮಲ್ಲ ನಗಲು ಹೋದ. ಆಗಲಿಲ್ಲ. ಸೊಂಟದಿಂದ ಕೀಲಿ ತೆಗೆದು ಗುರುಗಳ ಮುಂದೆ ಇಟ್ಟ.

"ಕಾರಿನ ಕೆಲಸ ಬಿಟ್ಟು ನನಗೆ ಬೇರೇನೂ ಬರಲ್ಲ. ಇನ್ನು ನನ್ನ ಜಾಗ ಎಲ್ಲಿ, ಬುದ್ಧಿ?"

ಗುರುಗಳು ಮಂಡಿ ನೀವುತ್ತಲೇ ಇದ್ದರು.

"ಹಿಂದಿನ ಸೀಟಿನಲ್ಲಿ, ನನ್ನ ಪಕ್ಕ. ಹತ್ತೊಂಬತ್ತು ವರ್ಷ ನಿನ್ನ ಬೆನ್ನು ನೋಡಿಕೊಂಡೇ ಮಾತಾಡಿದ್ದೇನೆ, ಗುರುಮಲ್ಲ. ಇನ್ನಾದರೂ ಮುಖ ನೋಡಿ ಮಾತಾಡೋಣ."