ದರ್ಜಿಯ ಮಗಳ ಅಳತೆ

“ಗುರುಗಳೇ, ಗಣಿತವೋ, ಇಂಗ್ಲಿಷೋ, ಸಂಗೀತವೋ? ಯಾವುದಕ್ಕೆ ಅರ್ಜಿ ಹಾಕಿದರೆ ನನ್ನ ಮಗನಿಗೆ ಸೀಟು ಗ್ಯಾರಂಟಿ, ನೀವೇ ಒಂದು ಮಾತು ಹೇಳಿಬಿಡಿ” ಎಂದು ಶಿಷ್ಯ ಬಸವಂತಪ್ಪ ಕೇಳಿದ.

ಅವನ ಮಗನದು ಐದನೆಯ ತರಗತಿ ಮುಗಿದಿತ್ತು. ತಾಲ್ಲೂಕಿನ ಸರ್ಕಾರಿ ಮಾಧ್ಯಮಿಕ ಶಾಲೆಯಲ್ಲಿ ಆರನೆಯದರಿಂದ ವಿಶೇಷ ತರಗತಿಗಳಿವೆ, ಅರ್ಜಿ ಕರೆದಿದ್ದಾರೆ ಎಂಬ ಸುದ್ದಿ ಬಂದಾಗಿನಿಂದ ಬಸವಂತಪ್ಪನಿಗೆ ಊಟ ಸೇರುತ್ತಿರಲಿಲ್ಲ. ತನ್ನ ಹಿಟ್ಟಿನ ಗಿರಣಿಗೆ ಬಂದವರನ್ನೆಲ್ಲ ಕೇಳಿದ್ದ. ಒಬ್ಬೊಬ್ಬರು ಒಂದೊಂದು ಹೇಳಿ ಅವನ ತಲೆಯನ್ನೂ ಹಿಟ್ಟು ಮಾಡಿ ಹೋಗಿದ್ದರು. ಕೊನೆಗೆ ಮಗನನ್ನು ಕರೆದುಕೊಂಡು ಮಠಕ್ಕೆ ಬಂದ. ಹುಡುಗನನ್ನು ಹೊರಗಿನ ಕಟ್ಟೆಯ ಮೇಲೆ ಕೂರಿಸಿ, ಚಪ್ಪಲಿ ನೋಡಿಕೊಂಡಿರು ಎಂದು ಹೇಳಿ, ತಾನೊಬ್ಬನೇ ಒಳಗೆ ಬಂದು ಗುರುಗಳ ಮುಂದೆ ಕೂತ.

ಗುರುಗಳು ನಕ್ಕರು. “ಗ್ಯಾರಂಟಿ ಕೊಡುವುದಕ್ಕೆ ಇದೇನು ಮಿಕ್ಸಿ ಅಂಗಡಿಯೇನಪ್ಪಾ? ಒಂದು ಕತೆ ಹೇಳುತ್ತೇನೆ, ಕೇಳು. ನಡುವೆ ಬಾಯಿ ಹಾಕಬೇಡ” ಎಂದು ಶುರು ಮಾಡಿದರು.

ಒಂದೂರಿನಲ್ಲಿ ಒಬ್ಬ ದರ್ಜಿ ಇದ್ದ. ಒಳ್ಳೆಯ ಕೆಲಸಗಾರ. ಆದರೆ ಒಂದು ಹಟ ಇತ್ತು. ಎದುರಿಗೆ ನಿಲ್ಲಿಸಿ ಅಳತೆ ತೆಗೆದುಕೊಳ್ಳದೆ ಯಾರ ಬಟ್ಟೆಗೂ ಕತ್ತರಿ ಹಾಕುತ್ತಿರಲಿಲ್ಲ. ಹೆಂಗಸರಾದರೆ ಹೆಂಡತಿ ಟೇಪು ಹಿಡಿಯುತ್ತಿದ್ದಳು. “ಹಳೇ ಅಂಗಿ ಕಳಿಸ್ತೀನಿ, ಅದೇ ಅಳತೆಗೆ ಹೊಲಿಯಯ್ಯಾ” ಎಂದು ದೊಡ್ಡ ಮನೆಯವರು ಹೇಳಿ ಕಳಿಸಿದರೂ, “ಅಂಗಿ ಹಳೇದು ಯಜಮಾನ್ರೇ, ಮೈ ಇವತ್ತಿನದು. ಬಂದು ನಿಲ್ಲಿ” ಎನ್ನುತ್ತಿದ್ದ. ಜನ ಬೈದುಕೊಂಡೇ ಬಂದು ನಿಲ್ಲುತ್ತಿದ್ದರು. ತೊಟ್ಟ ಮೇಲೆ ಹೊಗಳುತ್ತಿದ್ದರು.

ಅವನಿಗೆ ಒಬ್ಬಳೇ ಮಗಳು, ಕಸ್ತೂರಿ ಎಂದು ಹೆಸರು. ಅವಳೆಂದರೆ ಅವನಿಗೆ ಜೀವ. ತಾನು ಐದಕ್ಕೇ ಶಾಲೆ ಬಿಟ್ಟು ಹೊಲಿಗೆ ಮಿಷನ್ನಿನ ಮುಂದೆ ಕೂತವನು. ಮಗಳೂ ಹಾಗೇ ಗುಂಡಿ ಹಚ್ಚುತ್ತಾ, ಕಾಜಾ ಹಾಕುತ್ತಾ ವಯಸ್ಸು ಕಳೆಯುವುದು ಅವನಿಗೆ ಬೇಡವಾಗಿತ್ತು. ಅವರ ಊರಿನ ಶಾಲೆ ಐದಕ್ಕೇ ಮುಗಿಯುತ್ತದೆ. ಮುಂದಿನ ಓದಿಗೆ ದೂರದ ದೊಡ್ಡೂರಿನ ಸರ್ಕಾರಿ ಶಾಲೆಗೇ ಹೋಗಬೇಕು. ಅಲ್ಲಿ ನಾಲ್ಕು ವಿಶೇಷ ತರಗತಿ, ನಾಲ್ವರು ಮೇಷ್ಟ್ರು. ಗಣಿತದ್ದೊಂದು, ಇಂಗ್ಲಿಷಿನದೊಂದು, ಸಂಗೀತದ್ದೊಂದು, ಗಿಡಮರಗಳದ್ದೊಂದು. ಮೇಷ್ಟ್ರೇ ಮಕ್ಕಳನ್ನು ಮಾತಾಡಿಸಿ ಆರಿಸಿಕೊಳ್ಳುತ್ತಾರೆ. ಆಯ್ಕೆಯಾದ ಮಗುವಿಗೆ ಹಾಸ್ಟೆಲ್ಲು, ಊಟ, ಪುಸ್ತಕ ಎಲ್ಲ ಸರ್ಕಾರದ್ದು. ಆಗದಿದ್ದರೆ ದಿನಾ ಬಸ್ಸಿಗೆ ಹಾಕಿ ಕಳಿಸುವ ಶಕ್ತಿ ದರ್ಜಿಗಿರಲಿಲ್ಲ. ಅಂದರೆ ಮಗಳ ಓದು ಅಲ್ಲಿಗೆ ಮುಗಿದ ಹಾಗೇ.

ದರ್ಜಿ ಯೋಚನೆ ಮಾಡಿದ. ಒಂದೇ ಕಡೆ ಅರ್ಜಿ ಹಾಕಿ ಕೈಸುಟ್ಟುಕೊಳ್ಳುವುದು ಯಾಕೆ? ಗಣಿತಕ್ಕೆ ಒಂದು, ಇಂಗ್ಲಿಷಿಗೆ ಒಂದು, ಸಂಗೀತಕ್ಕೆ ಒಂದು ಹಾಕಿದ. ಮೂರರಲ್ಲಿ ಒಂದಾದರೂ ತಾಗದೇ ಇರುತ್ತದೆಯೇ? ನಾಲ್ಕನೆಯದನ್ನು ಕೈಬಿಟ್ಟ. “ಗಿಡ ನೆಡೋದಕ್ಕೂ ಒಂದು ಶಾಲೆಯಾ? ದನ ಕಾಯೋದಕ್ಕೂ ಒಂದು ಇಟ್ಟಿದ್ದಾರಾ ಕೇಳ್ಬೇಕು” ಎಂದು ಹೆಂಡತಿಯ ಮುಂದೆ ನಕ್ಕ.

ಅಂದಿನಿಂದ ಮಿಷನ್ನು ತುಳಿಯುತ್ತಲೇ ಮಗಳಿಗೆ ಪಾಠ.

“ಗಣಿತದ ಮೇಷ್ಟ್ರು ಕೇಳ್ತಾರೆ, ನಿನಗೇನು ಇಷ್ಟ ಮಗೂ ಅಂತ. ಏನಂತೀಯ?”

“ಲೆಕ್ಕ ಅಂದ್ರೆ ನನಗೆ ಪ್ರಾಣ ಸಾರ್.”

“ಭೇಷ್. ಇಂಗ್ಲಿಷ್ ಮೇಷ್ಟ್ರು ಕೇಳಿದ್ರೆ?”

“ಇಂಗ್ಲಿಷ್ ಅಂದ್ರೆ ನನಗೆ ಪ್ರಾಣ ಸಾರ್. ಸಂಗೀತದವರಿಗೂ ಅದೇನಾ ಅಪ್ಪಾ?”

“ಅದೇ. ಅವರ ಹತ್ತಿರ ಮಾತ್ರ ಪ್ರಾಣ ಅನ್ನೋದನ್ನ ಸ್ವಲ್ಪ ಎಳೆದು ಹೇಳು.”

ನಗಬೇಡ ಬಸವಂತಪ್ಪಾ. ಅವನು ಹಾಸ್ಯಕ್ಕೆ ಹೇಳಿದ್ದಲ್ಲ. ಹೆಣ್ಣುಮಗು ಹೇಳಿಕೊಟ್ಟದ್ದನ್ನು ಹೇಳಿಕೊಟ್ಟ ಹಾಗೇ ಕಲಿಯಿತು. ಅಪ್ಪ ಹೇಳಿದ ಮೇಲೆ ಇನ್ನೇನು ಎಂದುಕೊಂಡಿತು.

ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಅದರ ಕಿಟಕಿಯಲ್ಲಿ, ಮಿಷನ್ನಿನ ಬೆನ್ನಿಗೆ, ಒಂದು ಎಣ್ಣೆ ಡಬ್ಬ ಇತ್ತು. ಅದರಲ್ಲಿ ಒಂದು ಗಿಡ. ದರ್ಜಿ ಕೆಲಸದ ನಡುವೆ ಟೇಪನ್ನು ಆ ಗಿಡದ ಕೊಂಬೆಗೆ ನೇತುಹಾಕುತ್ತಿದ್ದ. ಕೈಗೆ ಸಿಗುವ ಜಾಗ, ಅಷ್ಟೇ. ಅದು ಯಾವ ಗಿಡ, ಯಾರು ತಂದಿಟ್ಟರು ಎಂದು ಒಂದು ದಿನವೂ ಕೇಳಿದವನಲ್ಲ. ಒಮ್ಮೆ ಅದರಿಂದ ಉದುರಿದ ಕೆಂಪು ಹೂವೊಂದು ಯಾರದೋ ಬಿಳಿ ಜುಬ್ಬದ ಮೇಲೆ ಬಿದ್ದಿತ್ತು. ನೋಡದೆ ಇಸ್ತ್ರಿ ಎಳೆದುಬಿಟ್ಟ. ಕಲೆ ಕೂತಿತು. “ಈ ಕಸವನ್ನೆಲ್ಲ ಇಲ್ಲಿ ಯಾಕೆ ತಂದಿಡ್ತೀರಿ?” ಎಂದು ಮನೆ ಹಾರಿಹೋಗುವ ಹಾಗೆ ಕೂಗಾಡಿದ. ಕಸ್ತೂರಿ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅವನು ಮಿಷನ್ನು ತುಳಿಯಲು ಶುರು ಮಾಡಿದ್ದ. ಮಾರನೆಯ ದಿನದಿಂದ ಅವಳು ಬಿಳಿ ಬಟ್ಟೆಗಳನ್ನು ಗಿಡದಿಂದ ದೂರ ಎತ್ತಿಡತೊಡಗಿದಳು.

ಅರ್ಜಿಗೆ ಕೊನೆಯ ದಿನ ಬಂತು. ಮೇಷ್ಟ್ರು ಮಕ್ಕಳನ್ನು ಮಾತಾಡಿಸುವುದೂ ಅಂದೇ. ಮಗಳು ಎಲ್ಲರ ಕಣ್ಣಿಗೂ ಬೀಳಬೇಕು ಎಂದು ದರ್ಜಿ ಅವಳಿಗೊಂದು ಹೊಸ ಲಂಗ ಹೊಲಿದಿದ್ದ. ವರ್ಷವಿಡೀ ಉಳಿದ ಚೂರುಬಟ್ಟೆ ಜೋಡಿಸಿದ ಲಂಗ. ಅದರಲ್ಲಿ ಇಲ್ಲದ ಬಣ್ಣವಿರಲಿಲ್ಲ. ಕಿಸೆಯನ್ನೂ ಇಟ್ಟಿದ್ದ. ಇಬ್ಬರೂ ಹೋದರು. ಒಬ್ಬ ಮೇಷ್ಟ್ರಾದ ಮೇಲೆ ಒಬ್ಬ ಮೇಷ್ಟ್ರು ಅವಳನ್ನು ಮಾತಾಡಿಸಿದರು. ಹುಡುಗಿ ಒಂದು ಕಡೆಯೂ ತಪ್ಪಲಿಲ್ಲ. ಮೂವರೂ ತಲೆದೂಗಿದರು. ದರ್ಜಿಗೆ ಸ್ವರ್ಗ ಮೂರೇ ಗೇಣು ಉಳಿದಿತ್ತು.

ಮಧ್ಯಾಹ್ನ ನಾಲ್ವರು ಮೇಷ್ಟ್ರೂ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದರು. ಗಣಿತದವರು ಪಲ್ಯ ಹಂಚುತ್ತಾ ಹೇಳಿದರು: “ಇವತ್ತು ಒಂದು ಹುಡುಗಿ ಬಂದಿದ್ದಳು. ಲೆಕ್ಕ ಅಂದ್ರೆ ಪ್ರಾಣವಂತೆ. ಅವಳನ್ನು ಬಿಡೋದಿಲ್ಲ ನಾನು.”

ಇಂಗ್ಲಿಷಿನವರು ತುತ್ತು ನಿಲ್ಲಿಸಿದರು. “ನನ್ನ ಹತ್ತಿರ ಬಂದವಳಿಗೆ ಇಂಗ್ಲಿಷ್ ಪ್ರಾಣ.”

ಸಂಗೀತದವರು ಕೇಳಿದರು: “ಬಣ್ಣ ಬಣ್ಣದ ಚೂರಿನ ಲಂಗವೇನ್ರೀ?”

ಗಿಡಮರದ ಮೇಷ್ಟ್ರು ಕೇಳುತ್ತಾ ಊಟ ಮುಂದುವರಿಸಿದರು. ಅವರ ಹತ್ತಿರ ಬೆಳಗಿನಿಂದ ಯಾರೂ ಬಂದಿರಲಿಲ್ಲ.

ಸುದ್ದಿ ಹೆಡ್ ಮೇಡಂಗೆ ಮುಟ್ಟಿತು. ಅಪ್ಪ ಮಗಳಿಬ್ಬರನ್ನೂ ಕೋಣೆಗೆ ಕರೆಸಿದರು. “ಒಂದೇ ಮೈಯಲ್ಲಿ ಎಷ್ಟು ಪ್ರಾಣ ಇಟ್ಟಿದ್ದೀರಪ್ಪಾ ನಿಮ್ಮ ಮಗಳಿಗೆ?” ಎಂದರು.

ದರ್ಜಿಗೆ ನೆಲ ಬಾಯ್ತೆರೆದು ನುಂಗಬಾರದೇ ಎನ್ನಿಸಿತು. “ತಪ್ಪಾಯ್ತು ಮೇಡಂ. ಎಲ್ಲಾದ್ರೂ ಒಂದು ಕಡೆ ಸೇರಿಕೊಳ್ಳಲಿ ಅಂತ ನಾನೇ ಹೇಳಿಕೊಟ್ಟೆ. ಮಗುವಿನದೇನೂ ತಪ್ಪಿಲ್ಲ.”

ಮೇಡಂ ಸಿಟ್ಟಾಗಲಿಲ್ಲ. ಹುಡುಗಿಯ ಲಂಗವನ್ನೇ ನೋಡುತ್ತಿದ್ದರು. “ಇದನ್ನ ಹೊಲಿದವರು ಯಾರು?”

“ನಾನೇ ಮೇಡಂ.”

“ಎಷ್ಟು ಚೆನ್ನಾಗಿ ಕೂತಿದೆ! ಅಳತೆ?”

“ಇವಳದೇ. ನಿಲ್ಲಿಸಿ ಅಳತೆ ತಗೊಳ್ದೆ ನಾನು ಕತ್ತರಿ ಮುಟ್ಟೋನಲ್ಲ ಮೇಡಂ.” ಆ ಸ್ಥಿತಿಯಲ್ಲೂ ಅವನ ಎದೆ ಸ್ವಲ್ಪ ಉಬ್ಬಿತು, ಪಾಪ.

“ಹಾಗಾದ್ರೆ ಈ ಮೂರು ಅರ್ಜಿ ಯಾರ ಅಳತೆಗೆ ಹೊಲಿದ್ರಿ?”

ದರ್ಜಿ ತಾನೇ ಹೊಲಿದ ಲಂಗವನ್ನು ನೋಡಿದ. ಮೇಡಂ ಹೇಳಿದರು: “ಮೂವರು ಮೇಷ್ಟ್ರೂ ಇವಳನ್ನ ಒಲ್ಲೆ ಅಂತಿದ್ದಾರೆ. ಯಾವುದನ್ನ ನಂಬೋದು ಅವರು? ಸಂಜೆ ಗಂಟೆ ಹೊಡೆಯೋವರೆಗೆ ಅರ್ಜಿ ತಗೋತೀವಿ. ಹೋಗಿ, ಸ್ವಲ್ಪ ಕೂತು ಯೋಚನೆ ಮಾಡಿ.”

ದರ್ಜಿ ಮಗಳೊಂದಿಗೆ ಬೇವಿನ ಮರದ ಕೆಳಗೆ ಬಂದು ಕೂತ. ಮಗಳ ಓದನ್ನು ತನ್ನ ಕೈಯಾರೆ ಹಾಳು ಮಾಡಿದೆನಲ್ಲ ಎಂದು ತನ್ನನ್ನೇ ಬೈದುಕೊಂಡ. ಏನೂ ತೋಚದಾಗ ಅವನ ಕೈ ಕೊರಳಿಗೆ ಹೋಗುತ್ತಿತ್ತು. ಈಗಲೂ ಹೋಯಿತು. ಟೇಪು ಅಲ್ಲೇ ಇತ್ತು. ಬೆಳಿಗ್ಗೆ ಅವಸರದಲ್ಲಿ ತೆಗೆದಿಡುವುದನ್ನೇ ಮರೆತು, ಕೊರಳಲ್ಲಿ ಹಾಕಿಕೊಂಡೇ ಬಂದಿದ್ದ. ಅದನ್ನು ಕೊರಳಿಂದ ತೆಗೆದು ಕೈಗೆ ಸುತ್ತಿಕೊಂಡ. ಆಮೇಲೆ ಮಗಳನ್ನು ಎದುರಿಗೆ ಕರೆದು, ಗಿರಾಕಿಯನ್ನು ನಿಲ್ಲಿಸುವ ಹಾಗೆ ನೆಟ್ಟಗೆ ನಿಲ್ಲಿಸಿದ.

“ನಿನಗೇನು ಇಷ್ಟ, ಮಗಳೇ?”

“ಲೆಕ್ಕ ಅಂದ್ರೆ ನನಗೆ…” ಎಂದು ಹುಡುಗಿ ಶುರು ಮಾಡಿಬಿಟ್ಟಳು.

“ಅಯ್ಯೋ, ಅದಲ್ಲ ಕಣವ್ವಾ. ಮೇಷ್ಟ್ರು ಕೇಳ್ತಿಲ್ಲ ಈಗ. ನಾನು ಕೇಳ್ತಿದ್ದೀನಿ.”

ಕಸ್ತೂರಿ ಅಪ್ಪನ ಮುಖ ನೋಡಿದಳು. ಟೇಪು ನೋಡಿದಳು. ಬೈಸಿಕೊಳ್ಳುತ್ತೇನೋ ಏನೋ ಎಂಬ ಅನುಮಾನದಲ್ಲೇ ಮೆಲ್ಲಗೆ ಹೇಳಿದಳು: “ನೀನು ದಿನಾ ಟೇಪು ನೇತುಹಾಕ್ತೀಯಲ್ಲಪ್ಪಾ, ಆ ಗಿಡ.”

ಆಮೇಲೆ ಅವಳ ಮಾತು ನಿಲ್ಲಲಿಲ್ಲ. ದಿಂಬಿಗೆ ತುಂಬಲು ತಂದ ಅರಳೆಯಲ್ಲಿ ಒಂದು ಬೀಜ ಸಿಕ್ಕಿತ್ತು. ಅದನ್ನು ದೀಪಾವಳಿಯ ಹೊತ್ತಿಗೆ ಡಬ್ಬದಲ್ಲಿ ಊರಿದ್ದಳು. ಹತ್ತಿ ಗಿಡ ಅದು. ಹೂವು ಅರಳಿದ ದಿನ ಬೆಳ್ಳಗಿರುತ್ತದೆ, ಮಾರನೆಯ ದಿನ ಕೆಂಪಾಗುತ್ತದೆ, ಆಮೇಲೆ ಉದುರುತ್ತದೆ. ಜುಬ್ಬದ ಮೇಲೆ ಕೂತದ್ದು ಅದೇ. ಅದು ಕಸ ಅಲ್ಲ, ಅದು ಉದುರಿದ ಮೇಲೇ ಕಾಯಿ ದೊಡ್ಡದಾಗೋದು ಎಂದು ಹೇಳಬೇಕೆಂದಿದ್ದಳು. “ನಾವು ಹೊಲಿಯೋ ಬಟ್ಟೆ ಮೊದಲು ಎಲ್ಲಿರುತ್ತೆ ಅಂತ ನೋಡ್ಬೇಕಿತ್ತು ಅಪ್ಪಾ. ನಿನ್ನೆ ಮೊದಲನೇ ಕಾಯಿ ಬಿರೀತು” ಎಂದು ಲಂಗದ ಕಿಸೆಗೆ ಕೈ ಹಾಕಿ ತೆಗೆದು ತೋರಿಸಿದಳು. ಒಂದು ಹಿಡಿ ಕೂಡ ಇಲ್ಲದ ಹತ್ತಿ. ಮೂವರು ಮೇಷ್ಟ್ರ ಮುಂದೆ ನಿಂತಾಗಲೂ ಅದು ಅವಳ ಕಿಸೆಯಲ್ಲೇ ಇತ್ತು. ಮಗುವಿನ ಕಿಸೆ ನೋಡುವ ಕೆಲಸ ಯಾರದು ಹೇಳು? ದರ್ಜಿಯ ಕಣ್ಣು ತುಂಬಿ ಬಂತು.

ಅವಳ ಕೈ ಹಿಡಿದುಕೊಂಡು ಗಿಡಮರದ ಮೇಷ್ಟ್ರ ಹತ್ತಿರ ಹೋದ. ಅವರು ಖಾಲಿ ಕೋಣೆಯಲ್ಲಿ ಒಬ್ಬರೇ ಕೂತಿದ್ದರು. ಲಂಗ ನೋಡಿದ ಕೂಡಲೇ ಗುರುತು ಹಿಡಿದರು. “ನಿನಗೇನು ಇಷ್ಟ ಅಂತ ನಾನು ಕೇಳೋದಿಲ್ಲ ಮಗೂ. ಆ ಉತ್ತರ ಶಾಲೆಗೆಲ್ಲ ಗೊತ್ತಾಗಿದೆ. ಕೈಯಲ್ಲೇನಿದೆ?” ಎಂದರು.

ಅವಳು ಕೈ ಬಿಚ್ಚಿದಳು.

ದರ್ಜಿ ಹೊರಗೆ ಜಗಲಿಯ ಮೇಲೆ ಕೂತು ಕಾದ. ಒಳಗಿಂದ ಮಗಳ ಮಾತು ಕೇಳುತ್ತಿತ್ತು. ಒಮ್ಮೆ ನಗು ಕೇಳಿತು. ಒಮ್ಮೆ ಹುಡುಗಿಯೇ ಮೇಷ್ಟ್ರಿಗೆ ಎದುರು ಪ್ರಶ್ನೆ ಹಾಕಿದಳು, ಮೇಷ್ಟ್ರು “ತಡಿಯವ್ವಾ, ತಡಿ” ಎನ್ನುತ್ತಿದ್ದರು. ಅವನು ಏನನ್ನೂ ಹೇಳಿಕೊಡಲು ಎದ್ದು ಹೋಗಲಿಲ್ಲ. ಸಂಜೆಯ ಗಂಟೆ ಹೊಡೆದರೂ ಮಾತು ಮುಗಿಯಲಿಲ್ಲ. ಕೊನೆಗೆ ಮೇಷ್ಟ್ರು ಬಾಗಿಲಿಗೆ ಬಂದು, “ಶಾಲೆ ಶುರುವಾದಾಗ ಇವಳಿಗೆ ಹಾಸಿಗೆ, ತಟ್ಟೆ, ಲೋಟ ತಂದುಕೊಡಿ. ಆ ಎಣ್ಣೆ ಡಬ್ಬನೂ ಮರೀಬೇಡಿ” ಎಂದರು. ದರ್ಜಿ ಎರಡೂ ಕೈ ಎತ್ತಿ ಮುಗಿದ.

ಮನೆಗೆ ಬಂದು, ಎಂದಿನ ಹಾಗೆ ಟೇಪು ತೆಗೆದು ಕೊಂಬೆಗೆ ಹಾಕಲು ಹೋದ. ಕೈ ಅಲ್ಲೇ ನಿಂತಿತು. ಸುತ್ತಿಗೆ ಹುಡುಕಿ, ಗೋಡೆಗೆ ಒಂದು ಮೊಳೆ ಹೊಡೆದು, ಟೇಪನ್ನು ಅದಕ್ಕೆ ನೇತುಹಾಕಿದ. ಹೆಂಡತಿ ಯಾಕೆಂದು ಕೇಳಿದಳು. “ಅದು ಹತ್ತಿ ಗಿಡ ಕಣೇ” ಎಂದ. ಆ ರಾತ್ರಿ ಮೂವರೂ ಹೊಟ್ಟೆ ತುಂಬ ಉಂಡರು.

ಗುರುಗಳು ಕತೆ ನಿಲ್ಲಿಸಿದರು.

ಬಸವಂತಪ್ಪನ ಮುಖ ಅರಳಿತ್ತು. ತೊಡೆ ತಟ್ಟಿಕೊಂಡು, “ಗೊತ್ತಾಯಿತು ಗುರುಗಳೇ! ಗಿಡಮರದ್ದಕ್ಕೆ ಪೈಪೋಟಿ ಕಡಿಮೆ. ನಮ್ಮ ತಾಲ್ಲೂಕಿನಲ್ಲೂ ಅದೊಂದು ತರಗತಿ ಇದೆಯಂತೆ. ಇವತ್ತೇ ಹೋಗಿ ಅದಕ್ಕೇ ಅರ್ಜಿ ಹಾಕಿಬಿಡುತ್ತೇನೆ” ಎಂದು ಎದ್ದು ನಿಂತ.

ಗುರುಗಳು ಬಾಗಿಲ ಕಡೆ ನೋಡಿದರು.

“ಅಳತೆ ಕೊಡಬೇಕಾದವನು ಹೊರಗೆ ಚಪ್ಪಲಿ ಕಾಯುತ್ತಾ ಕೂತಿದ್ದಾನೆ, ನೀನು ಒಳಗೆ ಬಂದು ನನ್ನ ಮೈಗೆ ಟೇಪು ಹಿಡಿಯುತ್ತಿದ್ದೀಯಲ್ಲಪ್ಪಾ.”

ಬಸವಂತಪ್ಪ ಹೊರಗೆ ಹೋಗಿ, ಕಟ್ಟೆಯ ಮೇಲೆ ಮಗನ ಪಕ್ಕದಲ್ಲಿ ಕೂತ.