ಬಾಗಿಲ ಹೊರಗಿನ ಚಪ್ಪಲಿ

ಗದಗಿನ ಕಡೆ ಒಂದು ಸಣ್ಣ ಚರ್ಚು. ಅಲ್ಲಿ ಜನ ಚಪ್ಪಲಿ ಬಾಗಿಲ ಹೊರಗೆ ಬಿಟ್ಟೇ ಆರಾಧನೆಗೆ ಕೂರುತ್ತಾರೆ. ಹೊಸ ಕಾರ್ಯದರ್ಶಿ ಸತ್ಯನಾಥ ಸಾಹೇಬರು ಗಂಟೆ ಹೊಡೆಯುವ ಏಲಿಯಪ್ಪನಿಗೆ ಅಪ್ಪಣೆ ಮಾಡಿದರು: "ಹೊರಗೆ ಯಾರ ಚಪ್ಪಲಿ ಇಲ್ಲವೋ ಅವರು ಗೈರು ಅಂತ ಬರಿ."

"ಬರಿಗಾಲಲ್ಲಿ ಬರೋರು?"

"ಹೇಳಿದಷ್ಟು ಮಾಡು."

ಎರಡು ತಿಂಗಳಾದ ಮೇಲೆ ಸಾಹೇಬರು ಸಭೆಯ ಮುಂದೆ ನಿಂತು ಗುಡುಗಿದರು: "ಮಾರ್ಥಮ್ಮ ಒಂದು ವಾರವೂ ಬಂದಿಲ್ಲ. ಆಕೆಯ ಸದಸ್ಯತ್ವ ರದ್ದು."

ಮಾರ್ಥಮ್ಮ ಎದುರಿನ ಚಾಪೆಯ ಮೇಲೇ ಕೂತಿದ್ದಳು. ಆಕೆ ಚಪ್ಪಲಿ ಮೆಟ್ಟಿದವಳೇ ಅಲ್ಲ, ಸಾಹೇಬರು ಆಕೆಯ ಮುಖ ನೋಡಿದವರೂ ಅಲ್ಲ. ಸತ್ತರೆ ಚರ್ಚಿನ ಸ್ಮಶಾನದಲ್ಲಿ ಗಂಡನ ಪಕ್ಕ ಮಣ್ಣಾಗುವ ಹಕ್ಕೂ ಹೋಯಿತಲ್ಲ ಎಂದು ಮುದುಕಿ ಸೆರಗು ಬಾಯಿಗಿಟ್ಟುಕೊಂಡಳು.

ಏಲಿಯಪ್ಪನಿಗೆ ಮೈಯೆಲ್ಲ ಉರಿದುಹೋಯಿತು. ಆದರೂ ಕೈ ಕಟ್ಟಿಕೊಂಡೇ ಎದ್ದು ನಿಂತ.

"ಆಗ್ಲಿರಿ ಸಾಹೇಬ್ರ. ಆದ್ರ ನಿಮ್ಮ ಬೂಟೂ ಹೊರಗ ಒಂದು ವಾರಾನೂ ಕಂಡಿಲ್ಲ. ಮೊದ್ಲು ಯಾರ ಹೆಸರು ಹೊಡೆದು ಹಾಕ್ಲಿ?"

ಎಲ್ಲರ ಕಣ್ಣೂ ಸಾಹೇಬರ ಕಾಲಲ್ಲಿದ್ದ ಕರಿ ಬೂಟಿನ ಮೇಲೆ ಬಿದ್ದವು.

"ನಾನು ಇಲ್ಲೇ ನಿಂತಿದೀನಲ್ಲೋ."

"ಆಕೀನೂ ಇಲ್ಲೇ ಕುಂತಾಳ್ರಿ."

ಸಾಹೇಬರು ಹೊರಗೆ ಹೋಗಿ ಬೂಟು ಕಳಚಿಟ್ಟು ಬಂದರು. ಕೂರಲು ಜಾಗ ಉಳಿದಿದ್ದು ಮಾರ್ಥಮ್ಮನ ಚಾಪೆಯಲ್ಲಿ ಮಾತ್ರ. ಆಕೆಯೇ ಸರಿದು ಜಾಗ ಬಿಟ್ಟಳು.